ಕಣ್ಣು ನೋಡಿ ಕತ್ತರಿ ಹಾಕು

ಕಟಿಂಗಣ್ಣನ ಮನೆ ಮುಂದೆ ಒಂದು ಗುಲಾಬಿ ಗಿಡ. ಆಳೆತ್ತರ ಬೆಳೆದು, ಮೈತುಂಬ ಎಲೆ ಹೊತ್ತು, ದಾರಿಯಲ್ಲಿ ಹೋಗುವವರು ನಿಂತು ನೋಡುವಷ್ಟು ಸೊಂಪಾಗಿತ್ತು. ಎಲ್ಲ ಇತ್ತು, ಹೂವೊಂದು ಇರಲಿಲ್ಲ. ಒಂದು ವರ್ಷದಿಂದ ಒಂದೇ ಒಂದು ಮೊಗ್ಗನ್ನೂ ಅದು ಬಿಟ್ಟಿರಲಿಲ್ಲ. ನಿಮ್ಮ ಮನೆಯಲ್ಲೂ ಇಂಥದೊಂದು ಗಿಡ ಇದ್ದೀತು. ಇದ್ದರೆ ಈ ಕಥೆಯನ್ನು ಸ್ವಲ್ಪ ಹತ್ತಿರ ಕೂತು ಕೇಳಿ.

ಕಟಿಂಗಣ್ಣನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ. ಮತದಾರರ ಪಟ್ಟಿ ಬಿಟ್ಟರೆ ಅದು ಬೇರೆಲ್ಲೂ ಬಳಕೆಯಲ್ಲಿಲ್ಲ. ಬೀದಿಯ ಕೊನೆಗೆ ಎರಡು ಕುರ್ಚಿಯ ಕಟಿಂಗ್ ಶಾಪ್ ಇಟ್ಟು ಮೂವತ್ತು ವರ್ಷ ಆಯಿತು. ಆ ಬೀದಿಯ ಅಜ್ಜಂದಿರ ತಲೆಯೂ ಅವನದೇ ಕೈ, ಮೊಮ್ಮಕ್ಕಳ ತಲೆಯೂ ಅವನದೇ ಕೈ. ಕೈಯ ಮೇಲೆ ಅವನಿಗೆ ಅಷ್ಟೇ ಹೆಮ್ಮೆ. ತೊಂದರೆ ಏನೆಂದರೆ ವಾರಕ್ಕೊಂದು ದಿನ ಶಾಪಿಗೆ ರಜೆ, ಆದರೆ ಕೈಗೆ ರಜೆ ಇಲ್ಲ. ಆ ದಿನ ಅಂಗಳಕ್ಕೆ ಇಳಿಯುತ್ತಿದ್ದ. ದಾಸವಾಳಕ್ಕೆ ಸುತ್ತಲೂ ಒಂದೇ ಸಮ ಕತ್ತರಿ. ಬೇಲಿ ಗಿಡಕ್ಕೆ ಮಿಷನ್ ಕಟಿಂಗ್. ನಿಂಬೆ ಗಿಡಕ್ಕೆ ಹಿಂದೆ ಮುಂದೆ ಸಣ್ಣ, ಮೇಲೆ ಸ್ವಲ್ಪ ಉದ್ದ. ಮುಗಿದ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ತಲೆ ವಾರೆ ಮಾಡಿ ನೋಡಿ, ಉಳಿದ ಒಂದೆರಡು ತುದಿಯನ್ನೂ ಕಚಕ್ ಎಂದು ತೆಗೆದರೇ ಅವನಿಗೆ ಸಮಾಧಾನ.

"ರೀ, ಆ ತುದೀಲಿ ಮೊಗ್ಗಿತ್ತು!" ಎಂದು ಹೆಂಡತಿ ಕಿಟಕಿಯಿಂದ ಕೂಗುತ್ತಿದ್ದಳು. ಅವಳು ಪರದೆ, ದಿಂಬಿನ ಕವರು ಹೊಲಿಯುವವಳು. ಹೊಲಿಗೆ ಮಿಷನ್ನು ಅಂಗಳದ ಕಡೆಯ ಕಿಟಕಿಗೇ ಇತ್ತು.

"ಹೋದ್ರೆ ಹೋಗ್ಲಿ ಬಿಡೇ. ಕತ್ತರಿಸಿದಷ್ಟೂ ಬೆಳೆಯುತ್ತೆ. ಕೂದಲು ನೋಡಿಲ್ವಾ?"

ಇದೇ ಅವನ ಮಂತ್ರ. ಕತ್ತರಿಸಿದಷ್ಟೂ ಬೆಳೆಯುತ್ತೆ.

ಆ ಗುಲಾಬಿ ಗಿಡದ ಕಥೆಯನ್ನು ಇಲ್ಲಿ ಹೇಳಿಬಿಡಬೇಕು. ಅದು ಹೆಂಡತಿಯ ತವರಿನದು. ಅತ್ತೆಯವರು ಹಳೆ ಮನೆಯ ಬಚ್ಚಲ ಗೋಡೆಗೆ ಒರಗಿಸಿ ನಲವತ್ತು ವರ್ಷ ಸಾಕಿದ್ದ ಗಿಡ. ಒಳಗೆ ಕಡು ಗುಲಾಬಿ ಬಣ್ಣ, ಅಂಚಿಗೆ ಬರುತ್ತ ಹಾಲಿನ ಬಿಳುಪು, ಒಂದೊಂದು ಹೂವೂ ಅಂಗೈ ತುಂಬುವಷ್ಟು. ರಸ್ತೆ ಅಗಲ ಮಾಡುವಾಗ ಮನೆಯೂ ಹೋಯಿತು, ಗೋಡೆಯೂ ಹೋಯಿತು, ಗಿಡವೂ ಹೋಯಿತು. ಕೊನೆಯ ದಿನ ಹೆಂಡತಿ ಒಂದು ಕೊಂಬೆ ಮುರಿದು, ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ತಳ್ಳುಗಾಡಿಯಲ್ಲಿ ಸಸಿ ಮಾರುವ ಸಸಿಯಕ್ಕ ಅದರಿಂದ ಒಂದು ಕಸಿ ಕಟ್ಟಿಕೊಟ್ಟಳು. ಆ ಹೂವಿನ ವಂಶದಲ್ಲಿ ಭೂಮಿಯ ಮೇಲೆ ಉಳಿದಿದ್ದು ಈ ಒಂದೇ. ದೊಡ್ಡ ಮಗನ ಮನೆಗೆ ಹೋಗುವಾಗ ಅತ್ತೆ ಪಾತ್ರೆ ಕೇಳಲಿಲ್ಲ, ಪೆಟ್ಟಿಗೆ ಕೇಳಲಿಲ್ಲ. "ಅಳಿಯಂದಿರೇ, ಅದೊಂದನ್ನ ಬದುಕಿಸಿಕೊಳ್ಳಿ" ಎಂದಷ್ಟೇ ಹೇಳಿದ್ದರು.

ಆಮೇಲೆ ವಾರಕ್ಕೊಮ್ಮೆ ಫೋನು. "ಹೂ ಬಿಡ್ತಾ ಇದೆಯಾ?"

ಮೊದಲ ಸಲ ಕಟಿಂಗಣ್ಣ ತಡವರಿಸಿದ. ಎರಡನೇ ಸಲ "ಬಿಡ್ತಾ ಇದೆ ಅತ್ತೆ" ಎಂದ. ಮೂರನೇ ಸಲದ ಹೊತ್ತಿಗೆ ಸುಳ್ಳಿಗೆ ಕೈಕಾಲು ಬಂದಿತ್ತು. "ಗಿಡ ತುಂಬಾ ಹೂ ಅತ್ತೆ! ಎಲೆ ಕಾಣೋದೇ ಇಲ್ಲ!"

ಹೀಗಿರುವಾಗ ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಫೋನು ಬಂತು. ಅತ್ತೆಯ ದನಿಯಲ್ಲಿ ಸಂಭ್ರಮ ಉಕ್ಕುತ್ತಿತ್ತು.

"ಅಳಿಯಂದಿರೇ, ಬರೋ ತಿಂಗಳು ಕೊನೆಗೆ ನಿಮ್ಮನೆಗೆ ಬರ್ತೀನಿ. ಎರಡು ತಿಂಗಳು ಇರ್ತೀನಿ. ದಿನಾ ಬೆಳಿಗ್ಗೆ ಎದ್ದು ಆ ಗಿಡದ ಮುಂದೆ ಕೂತ್ಕೋಬೇಕು ನಂಗೆ, ಅಷ್ಟೇ!"

ಕಟಿಂಗಣ್ಣನ ಗಂಟಲಲ್ಲಿ ತುತ್ತು ಸಿಕ್ಕಿಕೊಂಡಿತು.

"ಮಾಡಿದ್ದುಣ್ಣೋ ಮಹಾರಾಯ," ಎಂದಳು ಹೆಂಡತಿ, ನೀರಿನ ಲೋಟ ಮುಂದೆ ತಳ್ಳುತ್ತ. "ಎಲೆ ಕಾಣೋದೇ ಇಲ್ಲ ಅಂದ್ರಲ್ಲ. ಈಗ ಎಲೆ ಬಿಟ್ಟು ಬೇರೇನು ತೋರಿಸ್ತೀರಿ?"

"ಮಣ್ಣೇ ಸರಿ ಇಲ್ಲ ಕಣೇ ಇಲ್ಲಿ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಯಾರದೋ ಕಣ್ಣು ಬಿದ್ದಿದೆ ಅಂತ ನಂಗೆ ಮೊದಲಿಂದಲೂ ಅನುಮಾನ. ಎಷ್ಟು ಜನ ನಿಂತು ನೋಡ್ತಾರೆ! ಅಮ್ಮ ಬಂದು ಹೂವಿಲ್ಲದ ಗಿಡ ನೋಡಿದ್ರೆ..." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ನಾಳೆ ಸಸಿಯಕ್ಕನ್ನ ಕರೀತೀನಿ."

"ಅವಳು ಬಂದು ನಂಗೆ ಕತ್ತರಿ ಹಿಡಿಯೋದು ಹೇಳ್ಕೊಡ್ತಾಳಾ? ಮೀನಿಗೆ ಈಜು ಕಲಿಸಿದ ಹಾಗಾಯ್ತು!"

ಮರುದಿನ ಬೆಳಿಗ್ಗೆ ಗಾಡಿಯ ಗಂಟೆ ಬೀದಿಯಲ್ಲಿ ಕೇಳಿದ್ದೇ ತಡ, ಹೆಂಡತಿ ಹೋಗಿ ಸಸಿಯಕ್ಕನ ಕೈ ಹಿಡಿದು ಎಳೆದುಕೊಂಡೇ ಬಂದಳು. ಸಸಿಯಕ್ಕ ಗಟ್ಟಿ ಹೆಂಗಸು, ಮಾತೂ ಗಟ್ಟಿ. ಗೇಟಿನ ಒಳಗೆ ಕಾಲಿಟ್ಟು ಅಂಗಳವನ್ನು ಒಮ್ಮೆ ಸುತ್ತ ನೋಡಿದಳು. ಗುಂಡಗೆ ಕತ್ತರಿಸಿದ ದಾಸವಾಳ, ಚೌಕ ಬೇಲಿ, ಹಣೆ ಬಿಟ್ಟು ಬಾಚಿದಂತಿದ್ದ ನಿಂಬೆ.

"ಅಣ್ಣಾ, ಇದೇನು ಅಂಗಳಾನಾ, ಕಟಿಂಗ್ ಶಾಪಿನ ಕ್ಯೂನಾ?"

ಹೆಂಡತಿ ಕಿಸಕ್ಕನೆ ನಕ್ಕಳು. ಕಟಿಂಗಣ್ಣ ನಗಲಿಲ್ಲ.

"ನೋಡೋಕೆ ಎಷ್ಟು ನೀಟಾಗಿದೆ ನೋಡು," ಎಂದ.

"ನೀಟಾಗಿದೆ, ಹೌದು. ಹೂವು ಎಲ್ಲಿ? ದಾಸವಾಳ ಹೂ ಬಿಡೋದು ಹೊಸ ಕುಡಿಯ ತುದೀಲಿ. ನೀವು ವಾರಕ್ಕೊಂದು ಸಲ ತುದಿಯೆಲ್ಲ ಸವರಿದ್ರೆ ಅದು ಇನ್ನೆಲ್ಲಿ ಬಿಡಬೇಕು, ನಿಮ್ಮ ಬೆನ್ನ ಮೇಲಾ?" ಸಸಿಯಕ್ಕ ದಾಸವಾಳದ ಎಲೆ ಸರಿಸಿ ಒಳಗೆ ಕೈಹಾಕಿದಳು. "ಇಲ್ನೋಡಿ, ಹೊರಗೆ ದಟ್ಟ, ಒಳಗೆ ಕತ್ತಲೆ. ಗಾಳಿ ಇಲ್ಲ, ಬೆಳಕಿಲ್ಲ. ಕಡ್ಡಿ ಒಣಗಿದೆ, ಬಿಳಿ ಹುಳ ಮನೆ ಮಾಡಿದೆ. ಕತ್ತರಿಸಬೇಕಾಗಿದ್ದು ಈ ಒಣಕಡ್ಡಿಗಳನ್ನ. ಅದೊಂದನ್ನ ಬಿಟ್ಟು ಬೇರೆಲ್ಲಾ ಕತ್ತರಿಸಿದ್ದೀರಿ."

"ಅಕ್ಕಾ, ದಾಸವಾಳ ಆಮೇಲೆ. ಮೊದಲು ಗುಲಾಬಿ ನೋಡು," ಎಂದು ಹೆಂಡತಿ ಅವಸರಿಸಿದಳು.

ಸಸಿಯಕ್ಕ ಗುಲಾಬಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಮೊದಲು ತಲೆ ಎತ್ತಿ ಮೇಲೆ ನೋಡಿದಳು. ಗಿಡದ ಮೇಲೆ ಎಳೆದ ಹಗ್ಗದಲ್ಲಿ ಶಾಪಿನ ಬಿಳಿ ಟವೆಲುಗಳು ಸಾಲಾಗಿ ಒಣಗುತ್ತಿದ್ದವು.

"ಈ ಟವೆಲು ದಿನಾ ಇಲ್ಲೇನಾ?"

"ದಿನಾ. ಬೆಳಿಗ್ಗೆ ಹಾಕಿದ್ರೆ ಸಂಜೆಗೆ ತೆಗೀತೀನಿ."

"ಅಂದ್ರೆ ಬಿಸಿಲೆಲ್ಲ ಟವೆಲಿಗೆ, ನೆರಳು ಗುಲಾಬಿಗೆ. ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳದಿದ್ರೆ ಗುಲಾಬಿ ಹೂ ಬಿಡಲ್ಲ ಅಣ್ಣಾ. ಹಗ್ಗ ಆ ಕಡೆ ಕಟ್ಟಿ." ಆಮೇಲೆ ಬುಡದ ಕಡೆ ನೋಡಿದಳು. ಅಲ್ಲಿ ಗಿಡದ ಸುತ್ತ ಮೊಣಕಾಲೆತ್ತರದ ದಿಬ್ಬವಿತ್ತು. "ಇದೇನು ಇಷ್ಟೊಂದು ಏರಿಸಿದ್ದೀರಿ?"

"ಗೊಬ್ಬರ," ಎಂದ ಕಟಿಂಗಣ್ಣ, ಬೇರೆಲ್ಲೋ ನೋಡುತ್ತ.

"ಎಂಥ ಗೊಬ್ಬರ?"

ಸಸಿಯಕ್ಕ ಎರಡೂ ಕೈ ಹಾಕಿ ಬಗೆದಳು. ಕರಿ ಕೂದಲು, ಬಿಳಿ ಕೂದಲು, ಬಣ್ಣ ಹಚ್ಚಿದ ಕೆಂಪು ಕೂದಲು, ಉಂಡೆ ಉಂಡೆಯಾಗಿ ಈಚೆ ಬಂತು.

"ಅಯ್ಯಯ್ಯೋ! ಬೀದಿಯವರ ತಲೆಯೆಲ್ಲ ನಮ್ಮ ಗಿಡದ ಬುಡದಲ್ಲಿ!" ಹೆಂಡತಿ ಮಾರುದೂರ ಹಾರಿದಳು.

"ಕೂದಲು ಒಳ್ಳೆ ಗೊಬ್ಬರ ಅಂತ ಯಾರೋ ಗಿರಾಕಿ ಹೇಳಿದ್ರು ಕಣೇ. ಶಾಪಲ್ಲಿ ದಂಡಿಯಾಗಿ ಬೀಳುತ್ತೆ, ಸುಮ್ಮನೆ ಯಾಕೆ ಎಸೆಯೋದು ಅಂತ..."

"ಹೇಳಿದ್ದು ಸುಳ್ಳಲ್ಲ," ಎಂದಳು ಸಸಿಯಕ್ಕ. "ಆದ್ರೆ ಕೂದಲು ಕೊಳೆಯೋದು ನಿಧಾನ. ಗುಂಡೀಲಿ ಒಣಎಲೆ ಜೊತೆ ಹಾಕಿ, ಕೊಳೆಸಿ, ಮಣ್ಣಾದ ಮೇಲೆ ತಂದು ಹಾಕಿ, ಬೇಡ ಅನ್ನಲ್ಲ. ಅದೂ ಕಾಂಡದಿಂದ ಒಂದು ಗೇಣು ದೂರ. ಹೀಗೆ ಹಸಿಹಸಿ ತಂದು ಕಂಬಳಿ ಸುತ್ತಿದ ಹಾಗೆ ಕಾಂಡಕ್ಕೇ ಸುತ್ತಿದ್ರೆ ತೇವ ಆರೋದೇ ಇಲ್ಲ. ನೀರು ಎಷ್ಟು ಹಾಕ್ತೀರಿ?"

"ಬೆಳಿಗ್ಗೆ ಒಂದು ಬಕೆಟ್, ಸಂಜೆ ಒಂದು ಬಕೆಟ್."

ಸಸಿಯಕ್ಕ ಹಣೆ ಚಚ್ಚಿಕೊಂಡಳು. ಆಮೇಲೆ ಬಗೆಯುತ್ತ ಹೋದಳು. ಕೂದಲು ಮುಗಿದು ಮಣ್ಣು ಬಂತು, ಮಣ್ಣು ಸರಿಸಿದ ಮೇಲೆ ಕಾಂಡದ ಮೇಲೆ ಒಂದು ಗಂಟು ಕಾಣಿಸಿತು, ಮೊಣಕೈ ಗಂಟಿನಂತೆ. ಅವಳು ಅದನ್ನು ಹೆಬ್ಬೆರಳಿಂದ ಒರೆಸಿದಳು.

"ಬಾ ತಂಗಿ, ಇಲ್ಲಿ ನೋಡು. ಇದು ನಾನು ಕಟ್ಟಿದ ಕಸಿಗಂಟು. ಕೆಳಗಿರೋದು ಕಾಡುಗುಲಾಬಿ. ಅದರ ಬೇರು ಗಟ್ಟಿ, ಅದಕ್ಕೇ ಬುಡಕ್ಕೆ ಅದನ್ನ ಇಟ್ಕೊಳ್ತೀವಿ. ಅದರ ತೊಗಟೆ ಸೀಳಿ, ನಿಮ್ಮಮ್ಮನ ಮನೆ ಗುಲಾಬಿಯ ಒಂದು ಕಣ್ಣು ತಂದು ಕೂರಿಸಿದ್ದೆ. ಈ ಗಂಟಿನ ಮೇಲಿಂದ ಬಂದ ಕೊಂಬೆ ನಿಮ್ಮಮ್ಮಂದು. ಕೆಳಗಿಂದ ಬಂದಿದ್ದು ಕಾಡಿಂದು."

"ಈ ಮೂರು ಉದ್ದ ಕೊಂಬೆ ಎಲ್ಲಿಂದ ಬಂದಿದೆ?" ಹೆಂಡತಿಯ ದನಿ ಸಣ್ಣಗಾಯಿತು.

"ಮೂರೂ ಕೆಳಗಿಂದ."

"ಮತ್ತೆ ಅಮ್ಮಂದು?"

ಗಂಟಿನ ಮೇಲೆ ನಾಲ್ಕು ಮೋಟುಗಳಿದ್ದವು. ನಾಲ್ಕರಲ್ಲೂ ಕತ್ತರಿಯ ಗುರುತು. ಮೂರು ಒಣಗಿ ಕಪ್ಪಾಗಿದ್ದವು. ಕಟಿಂಗಣ್ಣ ಬಗ್ಗಿ ನೋಡಿದ. ಆ ಮೋಟುಗಳನ್ನು ಅವನು ಗುರುತಿಸಿದ್ದ. ತನ್ನ ಕೈ ತನಗೆ ಗೊತ್ತಾಗದೇ?

"ಅವು ಸಣಕಲಾಗಿದ್ವು," ಎಂದ ಮೆಲ್ಲಗೆ. "ಶೇಪು ಕೆಡಿಸ್ತಿದ್ವು. ಗಟ್ಟಿ ಕೊಂಬೆಗೆ ದಾರಿ ಆಗ್ಲಿ ಅಂತ ವಾರವಾರ ತೆಗೀತಾ ಬಂದೆ."

"ಬೇಲಿಯೇ ಎದ್ದು ಹೊಲ ಮೇಯ್ತು ಅಂತಾರಲ್ಲ, ಹಾಗಾಗಿದೆ. ತಂಗಿ, ಇದಕ್ಕೆ ಯಾರ ಕಣ್ಣೂ ಬಿದ್ದಿಲ್ಲ. ಇದ್ದ ಕಣ್ಣೇ ಹೋಗಿದೆ."

"ನೀನೂ ಕಣ್ಣು ಕಣ್ಣು ಅಂತೀಯಲ್ಲ, ಗಿಡಕ್ಕೆಲ್ಲಿ ಕಣ್ಣು?" ಕಟಿಂಗಣ್ಣ ರೇಗಿದ. ತಪ್ಪು ಗೊತ್ತಾದಾಗ ಮನುಷ್ಯನಿಗೆ ಮೊದಲು ಬರುವುದು ಸಿಟ್ಟು. "ಕತ್ತರಿಸಿದಷ್ಟೂ ಬೆಳೆಯುತ್ತೆ ಅಂತ ಲೋಕಕ್ಕೇ ಗೊತ್ತು!"

"ಕೂದಲು ಬೆಳೆಯೋದು ಎಲ್ಲಿಂದ ಅಣ್ಣಾ?"

"ಬುಡದಿಂದ."

"ಅದಕ್ಕೇ ಎಲ್ಲಿ ಕತ್ತರಿಸಿದ್ರೂ ನಡೆಯುತ್ತೆ. ಗಿಡ ಬೆಳೆಯೋದು ಕಣ್ಣಿಂದ. ಕೊಂಬೆ ಮೇಲೆ ಎಲೆ ಕೂತ ಜಾಗದಲ್ಲಿ ಸಣ್ಣ ಉಬ್ಬು ಇರುತ್ತೆ, ಕೈಯಾಡಿಸಿ ನೋಡಿ. ಅದೇ ಕಣ್ಣು. ಹೊಸ ಕೊಂಬೆ ಬಂದ್ರೆ ಅಲ್ಲಿಂದ ಬರಬೇಕು, ಹೂ ಬಂದ್ರೂ ಆ ಕೊಂಬೇಲೇ. ಕಣ್ಣಿಂದ ಕಾಲಿಂಚು ಮೇಲೆ ಕತ್ತರಿ ಹಾಕಿದ್ರೆ ಅದು ಎಚ್ಚರ ಆಗುತ್ತೆ. ಕಣ್ಣಿಗೇ ಹಾಕಿದ್ರೆ ಸತ್ತುಹೋಗುತ್ತೆ. ತುಂಬಾ ಮೇಲೆ ಹಾಕಿದ್ರೆ ಮಿಕ್ಕ ಮೋಟು ಒಣಗಿ, ಒಣಗಿದ್ದು ಕೆಳಗಿಳಿದು ಕಣ್ಣನ್ನೂ ತಿನ್ನುತ್ತೆ. ನಿಮ್ಮ ಕತ್ತರಿ ತೋರಿಸಿ."

ಕಟಿಂಗಣ್ಣ ಜೇಬಿಂದ ಕತ್ತರಿ ತೆಗೆದುಕೊಟ್ಟ. ಅಲಗಿನ ಮೇಲೆ ಒಣಗಿದ ಅಂಟು, ಹಸಿರು ಕಲೆ.

"ಒಬ್ಬ ಗಿರಾಕಿಗೆ ಹಾಕಿದ ಬ್ಲೇಡು ಇನ್ನೊಬ್ಬರಿಗೆ ಹಾಕ್ತೀರಾ?"

"ಛೆ ಛೆ! ಏನು ಮಾತು ಅಂತ ಆಡ್ತೀಯ! ಪ್ರತಿ ಸಲ ಹೊಸ ಬ್ಲೇಡು. ಕತ್ತರಿ, ಬಾಚಣಿಗೆ ಔಷಧಿ ನೀರಲ್ಲಿ ಅದ್ದದೆ ನಾನು ಇನ್ನೊಂದು ತಲೆ ಮುಟ್ಟಲ್ಲ. ಒಬ್ಬರ ರೋಗ ಇನ್ನೊಬ್ಬರಿಗೆ ಹತ್ತಿದ್ರೆ ಯಾರು ಜವಾಬ್ದಾರಿ?"

"ಇದನ್ನ ನಿಂಬೆಗೆ ಹಾಕಿ, ಹಾಗೇ ದಾಸವಾಳಕ್ಕೆ ಹಾಕಿ, ಹಾಗೇ ತಂದು ಗುಲಾಬಿಗೆ ಹಾಕಿದ್ದೀರಿ. ಈ ರೋಗಕ್ಕೆ ಯಾರು ಜವಾಬ್ದಾರಿ?"

ಕಟಿಂಗಣ್ಣ ಕತ್ತರಿ ಇಸಿದುಕೊಂಡು ಅಂಗಿಯ ಅಂಚಿನಿಂದ ಅಲಗು ಒರೆಸತೊಡಗಿದ. ಬೇರೆ ಯಾವ ಮಾತನ್ನಾದರೂ ಅವನು ತಳ್ಳಿಹಾಕುತ್ತಿದ್ದ. ಇದು ಅವನದೇ ಕಸುಬಿನ ಮಾತು, ಎಲ್ಲಿ ಚುಚ್ಚಬೇಕೋ ಅಲ್ಲೇ ಚುಚ್ಚಿತು. ಅಷ್ಟರಲ್ಲಿ ಸಸಿಯಕ್ಕ ನೆಲಕ್ಕೆ ಮೂಗು ತಾಗುವಷ್ಟು ಬಗ್ಗಿ, "ಶ್!" ಎಂದಳು. ಎಲ್ಲರೂ ಬಗ್ಗಿದರು.

ನಾಲ್ಕನೇ ಮೋಟು, ಗಂಟಿನ ಅಂಚಿನಲ್ಲಿದ್ದ ಕಿರುಬೆರಳುದ್ದದ್ದು. ಅವಳು ಉಗುರಿನಿಂದ ತೊಗಟೆಯನ್ನು ಇಷ್ಟೇ ಇಷ್ಟು ಕೆರೆದಳು. ಒಳಗೆ ಹಸಿರು!

"ಬದುಕಿದೆ! ತಂಗಿ, ಬದುಕಿದೆ! ಇಲ್ಲೊಂದು ಕಣ್ಣೂ ಇದೆ. ಒಂದೇ ಒಂದು."

ಹೆಂಡತಿ ಅಲ್ಲೇ ಮಣ್ಣಲ್ಲಿ ಕೂತುಬಿಟ್ಟಳು. ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. ಕಟಿಂಗಣ್ಣ ಆ ಸಾಸಿವೆ ಕಾಳಿನಷ್ಟು ಉಬ್ಬನ್ನು ಕಣ್ಣು ಕಿರಿದು ಮಾಡಿ ನೋಡಿದ. ಅತ್ತೆಯ ನಲವತ್ತು ವರ್ಷ ಅಷ್ಟರಲ್ಲಿ ಕೂತಿತ್ತು. ಅವನಿಗೆ ಭಯವೇ ಆಯಿತು.

"ಸಸಿಯಕ್ಕಾ, ನೀನು ಹೇಳಿದ ಹಾಗೆ ಮಾಡ್ತೀನಿ. ಅತ್ತೆ ಬರೋದ್ರೊಳಗೆ ಹೂ ಬಿಡುತ್ತಾ?"

"ಹೊಸ ಕುಡಿ ಬಂದು ಹೂ ಬಿಡೋಕೆ ಒಂದೂವರೆ ತಿಂಗಳಾದ್ರೂ ಬೇಕು. ಗಿಡಕ್ಕೆ ಕ್ಯಾಲೆಂಡರ್ ಗೊತ್ತಿಲ್ಲ. ಪ್ರಯತ್ನ ನಮ್ಮದು."

"ಈಗಲೇ ಮೂರೂ ಕಾಡು ಕೊಂಬೆ ಕಚಕ್ ಅನ್ನಿಸ್ತೀನಿ!"

"ನಿಲ್ಲಿ ನಿಲ್ಲಿ! ನಿಮ್ಮ ಕೈಗೆ ಮೊದಲು ಒಂದು ಸರಪಳಿ ಹಾಕಬೇಕು. ಎಲೆ ಅಂದ್ರೆ ಗಿಡದ ಅಡುಗೆಮನೆ. ಎಲ್ಲಾ ಒಂದೇ ದಿನ ತೆಗೆದ್ರೆ ಬೇರು ಉಪವಾಸ. ಯಾವ ಗಿಡಕ್ಕೇ ಆಗಲಿ, ಒಂದು ಸಲಕ್ಕೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ತೆಗೀಬಾರದು. ಇವತ್ತು ಒಂದು. ಹತ್ತು ದಿನ ಬಿಟ್ಟು ಇನ್ನೊಂದು. ಮೂರನೇದನ್ನ ಬಗ್ಗಿಸಿ ಕಟ್ಟಿ ಇಡೋಣ, ಕಣ್ಣು ಚಿಗುರಿ ನಾಲ್ಕು ಎಲೆ ಬಿಡೋ ತನಕ ಅದೇ ಬೇರಿಗೆ ಊಟ ಹಾಕಲಿ. ಕಾಡು ಕೊಂಬೆ ತೆಗೆಯೋಕೆ ಕತ್ತರಿ ಬೇಡ, ಕೈ ಬೇಕು. ಮಣ್ಣಿನ ಮಟ್ಟಕ್ಕೆ ಕತ್ತರಿಸಿದ್ರೆ ಒಂದಿದ್ದ ಕಡೆ ನಾಲ್ಕು ಬರುತ್ತೆ. ಹುಟ್ಟಿದ ಜಾಗ ಹುಡುಕಿ, ಕೆಳಕ್ಕೆ ಎಳೆದು, ಬುಡಸಮೇತ ಸಿಗಿದು ತೆಗೀಬೇಕು."

ಗೋಣಿಚೀಲ ಕೈಗೆ ಸುತ್ತಿಕೊಂಡು ಕಟಿಂಗಣ್ಣ ಎಳೆದ. ಮುಳ್ಳು ಚೀಲ ದಾಟಿ ಚುಚ್ಚಿತು. ಚಟ್ ಎಂದು ಕೊಂಬೆ ಬುಡಸಮೇತ ಬಂದಾಗ ಅವನು ಹಿಂದಕ್ಕೆ ಬಿದ್ದು, ಬಿದ್ದಲ್ಲೇ "ಬಂತು!" ಎಂದು ಕೂಗಿದ.

ಆವತ್ತೇ ಟವೆಲಿನ ಹಗ್ಗ ಜಾಗ ಬದಲಿಸಿತು. ಕೂದಲೆಲ್ಲ ಹಿತ್ತಲ ಗುಂಡಿ ಸೇರಿತು. ಕಸಿಗಂಟು ಮಣ್ಣಿನ ಮೇಲೆ ಗಾಳಿಗೆ ತೆರೆದುಕೊಂಡಿತು. ಬಕೆಟ್ಟಿನ ಬದಲು ಬೆರಳು ಬಂತು. ದಿನಾ ಬೆಳಿಗ್ಗೆ ಮಣ್ಣಿಗೆ ಎರಡು ಗೆಣ್ಣು ಬೆರಳು ಊರಿ ನೋಡುವುದು, ತೇವ ತಾಗಿದರೆ ನೀರಿಲ್ಲ, ಒಣಗಿದ್ದರೆ ಮಾತ್ರ ಬುಡಕ್ಕೆ ಒಂದು ಚೊಂಬು. ಗೊಬ್ಬರ ಕೇಳಿದ್ದಕ್ಕೆ ಸಸಿಯಕ್ಕ, "ಜ್ವರ ಬಂದವರಿಗೆ ಹಬ್ಬದೂಟ ಬಡಿಸ್ತೀರಾ? ಚಿಗುರಲಿ, ಆಮೇಲೆ ಒಂದು ಹಿಡಿ" ಎಂದಿದ್ದಳು. ಇದೆಲ್ಲ ಸುಲಭವಾಗಿತ್ತು. ಕಷ್ಟವಾಗಿದ್ದು ಸುಮ್ಮನಿರುವುದು. ರಜೆ ದಿನ ಕಟಿಂಗಣ್ಣ ಅಂಗಳದಲ್ಲಿ ಕೈ ಹಿಂದೆ ಕಟ್ಟಿಕೊಂಡು ಶತಪಥ ತಿರುಗುತ್ತಿದ್ದ. ಹೆಂಡತಿ ಕತ್ತರಿಯನ್ನು ಮಿಷನ್ನಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದ್ದಳು.

ಹದಿಮೂರನೇ ದಿನ. ಶಾಪಿನಲ್ಲಿ ಪೋಸ್ಟ್ ಮಾಸ್ಟರರ ಗಲ್ಲಕ್ಕೆ ಸೋಪಿನ ನೊರೆ ಹಚ್ಚಿ ಒಂದು ಕಡೆ ಮುಗಿಸಿದ್ದ. ಫೋನು ಹೊಡೆದುಕೊಂಡಿತು.

"ರೀ! ಕಣ್ಣು ಬಿಟ್ಟಿದೆ!"

"ಯಾರು?"

"ಯಾರು ಅಂತೀರಲ್ಲ, ಗುಲಾಬಿ! ಕೆಂಪು ಚಿಗುರು!"

ಬಾಚಣಿಗೆ ಕಿವಿಗೆ ಸಿಕ್ಕಿಸಿಕೊಂಡೇ ಕಟಿಂಗಣ್ಣ ಓಡಿದ. ಅರ್ಧ ಗಡ್ಡದ ಪೋಸ್ಟ್ ಮಾಸ್ಟರರು ಏನೋ ಅನಾಹುತವಾಯಿತೆಂದು ಕೊರಳಿನ ಬಟ್ಟೆ ಹಾರಿಸುತ್ತ ಹಿಂದೆಯೇ ಓಡಿದರು. ಅವರನ್ನು ನೋಡಿ ತರಕಾರಿಯವನು ಓಡಿದ. ಅಂಗಳಕ್ಕೆ ಬಂದು ನೋಡಿದರೆ ಅಕ್ಕಿಕಾಳಿನಷ್ಟು ಚಿಗುರು!

"ಇದಕ್ಕಾ?" ಎಂದರು ಪೋಸ್ಟ್ ಮಾಸ್ಟರರು.

"ಇದಕ್ಕೇ ಸ್ವಾಮಿ, ಇದಕ್ಕೇ!" ಕಟಿಂಗಣ್ಣ ಕುಣಿಯುವುದೊಂದು ಬಾಕಿ. ಹೆಂಡತಿ ಆಗಲೇ ಕುಣಿಯುತ್ತಿದ್ದಳು.

ಚಿಗುರು ಕುಡಿಯಾಯಿತು. ನಾಲ್ಕು ಎಲೆ ಬಂದ ಮೇಲೆ ಕೊನೆಯ ಕಾಡು ಕೊಂಬೆಯನ್ನೂ ಸಿಗಿದರು. ಮೂವತ್ತಾರನೇ ದಿನ ಕುಡಿಯ ತುದಿಯಲ್ಲಿ ಬಟಾಣಿಯಷ್ಟು ಮೊಗ್ಗು. ಬೀದಿಯವರು ದಿನಾ ಬಂದು ಗೇಟಿನ ಹೊರಗಿಂದ ವಿಚಾರಿಸತೊಡಗಿದರು. ಆದರೆ ಕಟಿಂಗಣ್ಣನಿಗೆ ಹೊಸ ಅಳುಕು ಶುರುವಾಯಿತು. ಮಣ್ಣಿನಲ್ಲಿ ಹೂತಿದ್ದ ಗಂಟು ಅದು, ಅಂಚು ಮಾಸಿಹೋಗಿತ್ತು. ಆ ಚಿಗುರು ಗಂಟಿನ ಮೇಲಿಂದಲೇ ಬಂದಿದ್ದೋ, ಅಂಚಿನ ಕೆಳಗಿಂದಲೋ? ಕಾಡುಗುಲಾಬಿಯಾದರೆ ಐದೇ ಎಸಳಿನ ಬಿಳಿ ಹೂ.

"ಮೇಲಿಂದಲೇ ಅಂತ ನನ್ನ ಕಣ್ಣು ಹೇಳುತ್ತೆ," ಎಂದಳು ಸಸಿಯಕ್ಕ. "ಗರಿಗೆ ಐದೆಲೆಯಾದ್ರೆ ಕಸಿದು, ಏಳಾದ್ರೆ ಕಾಡಿಂದು ಅಂತ ಎಲೆ ಎಣಿಸಿ ಹೇಳೋರಿದ್ದಾರೆ, ಅದು ಕೆಲವು ಸಲ ಮೋಸ ಮಾಡುತ್ತೆ. ಅರಳಿದ ಮೇಲೇ ಖಾತ್ರಿ."

ಅರಳುವುದಕ್ಕೆ ಇನ್ನೂ ನಾಲ್ಕು ದಿನವಿರುವಾಗ, ಹೇಳಿದ್ದಕ್ಕಿಂತ ಒಂದು ವಾರ ಮೊದಲೇ, ಅತ್ತೆ ಬಂದಿಳಿದರು. ಬೆಳಿಗ್ಗೆ ಎಂಟು ಗಂಟೆಗೆ ಆಟೋ ಗೇಟಿನ ಮುಂದೆ ನಿಂತಿತು. ಚೀಲ ಇಳಿಸುವ ಮೊದಲೇ ಅವರು ಅಂಗಳದ ಕಡೆ ಕತ್ತು ಉದ್ದ ಮಾಡಿ ನೋಡಿದರು. ಗಿಡ ತುಂಬಾ ಹೂ ಎಂದಿದ್ದ ಜಾಗದಲ್ಲಿ ಮೊಣಕಾಲೆತ್ತರದ ಒಂದು ಕಡ್ಡಿ, ಅದರ ತುದಿಗೆ ಒಂದು ಹಸಿರು ಮೊಗ್ಗು.

ಹೆಂಡತಿ ಗಂಡನ ಕಡೆ ನೋಡಿದಳು. "ಸುಳ್ಳು ನೀವು ಹೇಳಿದ್ದು. ನಿಜಾನೂ ನೀವೇ ಹೇಳಿ," ಎಂಬ ನೋಟ.

ಕಟಿಂಗಣ್ಣ ಕೈಮುಗಿದ. "ಅತ್ತೆ, ಹೂ ಬಿಟ್ಟೇ ಇರಲಿಲ್ಲ. ನಾನೇ ಕತ್ತರಿಸಿ ಕತ್ತರಿಸಿ ಕೊಂದಿದ್ದೆ. ಒಂದೇ ಕಣ್ಣು ಉಳಿದಿತ್ತು. ಅದೂ ನಿಮ್ಮದೋ ಕಾಡಿಂದೋ ಇನ್ನೂ ಗೊತ್ತಿಲ್ಲ. ತಪ್ಪಾಯ್ತು." ಗಂಡಸು ಅಳಬಾರದೆಂದು ತಡೆದುಕೊಂಡಿದ್ದ ಅಳು ಅಷ್ಟರಲ್ಲಿ ಉಕ್ಕಿತು.

ಅತ್ತೆ ಚೀಲವನ್ನು ಗೇಟಿಗೆ ಒರಗಿಸಿ ಇಟ್ಟರು.

"ಬರ್ತೀನಿ ಅಂತ ಹೇಳಿದ ಮೇಲೆ, ಒಣಗಿದ ಎಸಳಾದ್ರೂ ಒಂದು ಲಕೋಟೇಲಿ ಹಾಕಿ ಕಳಿಸಿ ಅಂತ ಫೋನಲ್ಲಿ ಎಷ್ಟು ಸಲ ಕೇಳಿದೆ. ನೀವು ಕಳಿಸಲಿಲ್ಲ. ಆಗಲೇ ಗೊತ್ತಾಯ್ತು ಅಳಿಯಂದಿರೇ. ಅದಕ್ಕೇ ಒಂದು ವಾರ ಮೊದಲೇ ಹೊರಟು ಬಂದೆ, ಬದುಕಿದ್ರೆ ನಾನೇ ಏನಾದ್ರೂ ಮಾಡೋಣ ಅಂತ." ಅವರು ಚಪ್ಪಲಿ ಬಿಟ್ಟು ಮೊಗ್ಗಿನ ಪಕ್ಕ ಕೂತರು. "ಕಣ್ಣಿರೋದು ಒಂದಾದ್ರೂ ಸಾಕು. ನಂಗೊಂದು ಮಣೆ ಕೊಡಿ."

ಮೊದಲ ದಿನ ಮೊಗ್ಗು ಹಸಿರು. ಎರಡನೇ ದಿನವೂ ಹಸಿರು. ಮೂರನೇ ದಿನ ಒಂದು ಸೀಳು, ಒಳಗೆ ಏನೂ ಗುರುತು ಸಿಗದಷ್ಟು ಮಂಕು. ಆ ದಿನ ಕಟಿಂಗಣ್ಣ ಇಬ್ಬರು ಗಿರಾಕಿಗಳಿಗೆ ಒಂದು ಕಿವಿಯ ಹತ್ತಿರ ಉದ್ದ, ಇನ್ನೊಂದರ ಹತ್ತಿರ ಗಿಡ್ಡ ಕೃತಾವು ಇಟ್ಟ. ನಾಲ್ಕನೇ ದಿನ ಬೆಳಗಾಗುತ್ತಲೇ ಅಂಗಳದಿಂದ ಅತ್ತೆಯ ಕೂಗು.

"ಬನ್ರೋ! ಎಲ್ಲಾ ಬನ್ರೋ!"

ಒಳಗೆ ಕಡು ಗುಲಾಬಿ. ಅಂಚಿಗೆ ಬರುತ್ತ ಹಾಲಿನ ಬಿಳುಪು.

ಅತ್ತೆ ಎರಡೂ ಕೈಯಲ್ಲಿ ಆ ಹೂವನ್ನು ಮುಟ್ಟದಂತೆ ಬಳಸಿ ಹಿಡಿದು ಮೂಸಿದರು. "ನಮ್ಮ ಬಚ್ಚಲ ಗೋಡೆ ಹೂ," ಎಂದರು. ಇನ್ನೊಮ್ಮೆ ಹೇಳಿದರು. ಮಗಳು ಬಂದು ತಬ್ಬಿಕೊಂಡಳು. ಗಾಡಿ ಬಿಟ್ಟು ಓಡಿ ಬಂದ ಸಸಿಯಕ್ಕ, "ನಾನು ಹೇಳಿರಲಿಲ್ವಾ!" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು.

ಹತ್ತು ದಿನ ಆ ಹೂವು ಗಿಡದಲ್ಲೇ ಇತ್ತು. ಯಾರೂ ಕೀಳಲಿಲ್ಲ. ಹನ್ನೊಂದನೇ ದಿನ ಎಸಳು ಉದುರತೊಡಗಿತು. ಅತ್ತೆ ಮಗಳ ಹತ್ತಿರ ಬೀಗದ ಕೈ ಇಸಿದುಕೊಂಡು, ಡ್ರಾಯರು ತೆಗೆದು, ಕತ್ತರಿಯನ್ನು ತಂದು ಅಳಿಯನ ಮುಂದೆ ಹಿಡಿದರು.

"ತಗೊಳ್ಳಿ. ಬಾಡಿದ ಹೂ ತೆಗೀಬೇಕು."

"ಬೇಡ ಅತ್ತೆ. ನೀವೇ ತೆಗೀರಿ."

"ನಾನು ಎರಡು ತಿಂಗಳು ಇದ್ದು ಹೋಗೋಳು. ಆಮೇಲೆ ಇದನ್ನ ನೋಡ್ಕೊಳ್ಳೋ ಕೈ ನಿಮ್ಮದು."

ಕಟಿಂಗಣ್ಣ ಕತ್ತರಿಯನ್ನು ಬಿಸಿನೀರು ಸೋಪಿನಲ್ಲಿ ತೊಳೆದ, ಸ್ಪಿರಿಟ್ಟಿನಲ್ಲಿ ಒರೆಸಿದ. ಗಿಡದ ಮುಂದೆ ಕೂತ. ಹೂವಿನ ತೊಟ್ಟಿನಿಂದ ಬೆರಳು ಇಳಿಸುತ್ತ ಬಂದು, ಐದೆಲೆಯ ಗರಿಯ ಹತ್ತಿರ ನಿಂತ. ಅಲ್ಲಿ ಒಂದು ಉಬ್ಬು, ಹೊರಕ್ಕೆ ಮುಖ ಮಾಡಿ ಕೂತಿತ್ತು. ಶಾಪಿನಲ್ಲಿ ಗಿರಾಕಿಯ ಕಿವಿ ಸರಿಸುವ ಹಾಗೆ ಪಕ್ಕದ ಎಲೆಯನ್ನು ಮೆಲ್ಲಗೆ ಸರಿಸಿದ. ಕಣ್ಣಿಂದ ಕಾಲಿಂಚು ಮೇಲೆ, ನೀರು ನಿಲ್ಲದಂತೆ ಸ್ವಲ್ಪ ಓರೆಗೆ, ಒಂದೇ ಒಂದು ಸಲ ಕಚಕ್.

ಕತ್ತರಿ ಮಡಿಸಿ ಎದ್ದ. ಎರಡನೇ ಸಲ ಮುಟ್ಟಲಿಲ್ಲ. ಅತ್ತೆ ಅವನ ಬೆನ್ನು ತಟ್ಟಿದರು.

ಅಕ್ಕಂದಿರೇ, ಅಣ್ಣಂದಿರೇ, ಕಟಿಂಗಣ್ಣ ಒಬ್ಬನೇ ಅಲ್ಲ. ಪ್ರೀತಿಗೆ ನೀರು ಹೆಚ್ಚು ಸುರಿಯುವವರು, ಅಂದಕ್ಕೆ ತುದಿ ಸವರುವವರು, ಕಾಂಡಕ್ಕೇ ಗೊಬ್ಬರ ರಾಶಿ ಹಾಕುವವರು ನಮ್ಮಲ್ಲಿ ಮನೆಗೊಬ್ಬರು ಇದ್ದಾರೆ. ಇವತ್ತೇ ನಿಮ್ಮ ಗಿಡದ ಬುಡ ಬಿಡಿಸಿ ನೋಡಿ. ಕಸಿ ಗಿಡವಾದರೆ ಗಂಟು ಮಣ್ಣಿನ ಮೇಲಿರಲಿ, ಗಂಟಿನ ಕೆಳಗೆ ಬಂದದ್ದನ್ನು ಎಷ್ಟೇ ಸೊಂಪಾಗಿದ್ದರೂ ಬುಡಸಮೇತ ಕೀಳಿ. ಕತ್ತರಿ ಹಾಕುವುದಾದರೆ ಒಣಗಿದ್ದು, ರೋಗ ಹತ್ತಿದ್ದು, ಒಂದಕ್ಕೊಂದು ಉಜ್ಜುತ್ತಿರುವುದು ಮೊದಲು ಹೋಗಲಿ. ಒಂದು ಗಿಡ ಮುಟ್ಟಿದ ಕತ್ತರಿಯನ್ನು ಒರೆಸದೆ ಇನ್ನೊಂದನ್ನು ಮುಟ್ಟಬೇಡಿ. ನೀರು ಹಾಕುವ ಮೊದಲು ಬೆರಳು ಊರಿ ಕೇಳಿ, ಮಣ್ಣೇ ಹೇಳುತ್ತದೆ. ಗೊತ್ತಾಗದಿದ್ದರೆ ನಿಮ್ಮ ಬೀದಿಯ ಸಸಿ ಮಾರುವವರನ್ನು ಕೇಳುವುದಕ್ಕೆ ನಾಚಿಕೆ ಬೇಡ.

ಮತ್ತೆ, ಕತ್ತರಿ ತೆರೆಯುವ ಮೊದಲು ಗಿಡದ ಮುಂದೆ ಒಂದು ನಿಮಿಷ ಕೂತುಕೊಳ್ಳಿ. ಕಣ್ಣು ಎಲ್ಲಿದೆ ಎಂದು ಹುಡುಕಿ. ಸಿಗುವ ತನಕ ಕತ್ತರಿ ಜೇಬಿನಲ್ಲೇ ಇರಲಿ.